ಕಟ್ಟಿದ ದುಡ್ಡು, ಕಟ್ಟಿದ ಮೋಡ

ಜುಲೈ ಬಂತೆಂದರೆ ಬೆಂಗಳೂರಿನ ಹುಡುಗರಿಗೆ ಮಲೆನಾಡಿನ ನೆನಪು. ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಚಾರಣ, ಹಳ್ಳದ ಪಕ್ಕ ಟೆಂಟು, ಜೊತೆಗೊಬ್ಬ ಗೈಡು. ಹವಾಮಾನ ಇಲಾಖೆ ‘ರೆಡ್ ಅಲರ್ಟ್’ ಸಾರಿದರೂ ಹೊರಟ ಕಾಲು ನಿಲ್ಲದು. ದುಡ್ಡು ಕಟ್ಟಿಯಾಗಿದೆ, ರಜೆ ಹಾಕಿಯಾಗಿದೆ. ಅಮ್ಮ ಬೇಡವೆಂದರೆ, ‘ಗೈಡ್ ಇರ್ತಾರಲ್ಲಮ್ಮ’ ಎಂಬ ಸಿದ್ಧ ಉತ್ತರ.

ಮಳೆಯ ರೆಡ್ ಅಲರ್ಟ್ ಎಂದರೆ ಸಾಮಾನ್ಯವಾಗಿ 24 ಗಂಟೆಯಲ್ಲಿ 204.4 ಮಿಲಿಮೀಟರಿಗೂ ಹೆಚ್ಚು ಸುರಿಯಬಹುದೆಂಬ ಸೂಚನೆ. ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಅಂದರೆ ಒಂದೇ ಹೆಕ್ಟೇರ್ ಗುಡ್ಡದ ಮೇಲೆ 20 ಲಕ್ಷ ಲೀಟರ್! ಮೊದಲೇ ತೊಯ್ದ ಮಣ್ಣು ಎಷ್ಟು ತಾನೇ ಹೀರೀತು? ಉಳಿದದ್ದೆಲ್ಲ ಹಳ್ಳಕ್ಕೇ. ಟೆಂಟಿನ ಮೇಲೆ ಹನಿ ಬೀಳದಿದ್ದರೂ, ಮೇಲೆಲ್ಲೋ ಸುರಿದದ್ದು ನಡುರಾತ್ರಿ ತಲೆದಿಂಬಿಗೇ ಬಂದೀತು.

ಗೈಡಿಗೆ ದಾರಿ ಗೊತ್ತು. ನೆತ್ತಿಯಲ್ಲಿ ಎಷ್ಟು ಸುರಿದಿದೆಯೆಂದು ಅವನಿಗೂ ಕಾಣದು. ಪ್ರವಾಸ ರದ್ದಾದರೆ ಅವನ ಅಂದಿನ ಕೂಲಿಯೂ ಹೋಯಿತು. ‘ಬೇಡ’ ಎನ್ನಲು ನಾಲಿಗೆ ಹೇಗೆ ಬಂದೀತು? ದುಡ್ಡು ಕಟ್ಟಿಸಿಕೊಂಡವರು ಆ ಕೂಲಿಯನ್ನು ಕೊಟ್ಟುಬಿಡಲಿ. ಹುಡುಗರೂ ಅವನನ್ನು ಹೇಡಿ ಎನ್ನದಿರಲಿ. ಬೆಟ್ಟವೇನೂ ಓಡಿಹೋಗುವುದಿಲ್ಲ, ನವೆಂಬರಿನಲ್ಲೂ ಅಲ್ಲೇ ಇರುತ್ತದೆ.