ಯಾವ ಅರ್ಥದ ಅವಸರ?

ಮೂರು ಭಾಷೆಗಳ ನಡುವೆ ಬೆಳೆದವರಿಗೆ ಕೆಲವು ಪದಗಳು ಜೀವನವಿಡೀ ಕಾಲಿಗೆ ತೊಡರುತ್ತಿರುತ್ತವೆ. ‘ಅವಸರ’ ಅಂಥದೊಂದು. ಇಂದಿನ ಕನ್ನಡದಲ್ಲಿ ಅದು ಆತುರ, ತೆಲುಗಿನಲ್ಲಿ ಅಗತ್ಯ, ಮರಾಠಿಯಲ್ಲಿ, ಮೂಲ ಸಂಸ್ಕೃತದಂತೆಯೇ, ತಕ್ಕ ಸಮಯ ಅಥವಾ ಅವಕಾಶ. ನಾರಾಯಣಪೇಟೆಯ ಅಂಗಡಿ ಬೀದಿಯಲ್ಲಿ ಯಾರಾದರೂ ಅವಸರವಿದೆ ಎಂದರೆ, ಅವರ ಮನೆಮಾತು ಯಾವುದೆಂದು ಅರಿಯದೆ ಉತ್ತರಿಸುವುದು ಕಷ್ಟ. ವಿಭಾಗದ ಗಣಕಯಂತ್ರದ ಪರದೆಯ ಮೂಲೆಯಲ್ಲಿ ಹೊಸ ಡ್ರೈವರ್ ಬಂದಿದೆ, ಹಾಕಿಕೊಳ್ಳಿ ಎಂಬ ಸೂಚನೆ ಮಿನುಗಿದಾಗಲೆಲ್ಲ ನನಗೆ ಈ ಪದವೇ ನೆನಪಾಗುತ್ತದೆ.

ಡ್ರೈವರ್ ಎಂಬ ಹೆಸರು ಈ ತಂತ್ರಾಂಶಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಅದು ಮಾಡುವುದು ದುಭಾಷಿಯ ಕೆಲಸ. ವಿಂಡೋಸ್ ತನ್ನ ಭಾಷೆಯಲ್ಲಿ ‘ಈ ಪುಟವನ್ನು ಅಚ್ಚುಮಾಡು’ ಎನ್ನುತ್ತದೆ. ಪ್ರಿಂಟರಿಗೆ ತಿಳಿದಿರುವುದು ಅದರ ತಯಾರಕರು ಕಲಿಸಿದ ಭಾಷೆ ಮಾತ್ರ. ನಡುವೆ ನಿಂತು ಎರಡನ್ನೂ ಬೆಸೆಯುವುದೇ ಡ್ರೈವರ್. ಬಾಲ್ಯದಲ್ಲಿ ನನಗೂ ಈ ಉದ್ಯೋಗವಿತ್ತು. ಮರಾಠಿ ಮಾತ್ರ ಬಲ್ಲ ನಮ್ಮ ಆಜಿಗೂ ಮಕ್ತಲ್ ಕಡೆಯಿಂದ ಬರುತ್ತಿದ್ದ ಕನ್ನಡದ ತರಕಾರಿಯಮ್ಮನಿಗೂ ನಡುವೆ ನಾನು ನಿಲ್ಲುತ್ತಿದ್ದೆ. ಆಜಿಯ ಬೈಗುಳಗಳಲ್ಲಿ ಅರ್ಧದಷ್ಟನ್ನು ನಾನೇ ನುಂಗಿಕೊಳ್ಳುತ್ತಿದ್ದುದರಿಂದ ವ್ಯಾಪಾರ ಸುಗಮವಾಗಿ ನಡೆಯುತ್ತಿತ್ತು. ಒಂದು ದಿನ ನನ್ನ ಬದಲು ಹೊಸಬನೊಬ್ಬನನ್ನು ನಿಲ್ಲಿಸಿದ್ದರೆ, ಅವನು ನನಗಿಂತ ಹೆಚ್ಚು ಓದಿದವನಾಗಿದ್ದರೂ, ಜಗಳ ಖಚಿತವಾಗಿತ್ತು.

ಕೆಲವು ವರ್ಷಗಳ ಹಿಂದೆ ಮಕ್ತಲ್‌ನ ವಿದ್ಯಾರ್ಥಿನಿಯೊಬ್ಬಳು ಕಿರುಪ್ರಬಂಧ ಒಪ್ಪಿಸುವ ಹಿಂದಿನ ಸಂಜೆ ಅಚ್ಚು ತೆಗೆಯಲು ಬಂದಿದ್ದಳು. ಪರದೆಯ ಮೇಲೆ ಅಪ್ಪಟ ಕನ್ನಡ. ಕಾಗದದ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಆ ವಾರವಷ್ಟೇ ಪ್ರಿಂಟರಿನ ಡ್ರೈವರ್ ಬದಲಾಗಿತ್ತು. ‘ನುಡಿ’, ‘ಬರಹ’ಗಳ ಹಳೆಯ ಕಡತಗಳಲ್ಲಿ ಕನ್ನಡದ ಅಕ್ಷರಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕುಳಿತಿರುತ್ತವೆಂಬುದು ನಿಮಗೆ ತಿಳಿದಿರಬೇಕು, ಫಾಂಟ್ ಎಂಬ ವೇಷ ಕಳಚಿದರೆ ಒಳಗಿನ ಪಾತ್ರಧಾರಿ ಹೊರಬೀಳುತ್ತಾನೆ. ಹೊಸ ಡ್ರೈವರ್ ನಮ್ಮ ಫಾಂಟನ್ನು ಕಳುಹಿಸದೆ ಪ್ರಿಂಟರಿನೊಳಗಿದ್ದ ಫಾಂಟನ್ನೇ ಬಳಸಿತ್ತು. ಯೂನಿಕೋಡ್‌ನಲ್ಲಿ ಬರೆದಿದ್ದರೆ ಈ ಪರಿ ರೋಮನ್ ಹೊರಬರುತ್ತಿರಲಿಲ್ಲ. ಪ್ರಿಂಟರಿನೊಂದಿಗೆ ಬಂದಿದ್ದ ಹಳೆಯ ಸಿ.ಡಿ. ಬೀರುವಿನಲ್ಲಿ ಸಿಕ್ಕಿತು, ಹೊಸದನ್ನು ತೆಗೆದು ಅದನ್ನೇ ಹಾಕಿದ ಮೇಲೆ ಪುಟಗಳು ಸರಿಯಾಗಿ ಬಂದವು. ಅಷ್ಟರಲ್ಲಿ ಆಕೆಯ ಕೊನೆಯ ಬಸ್ಸು ಹೊರಟುಹೋಗಿ, ರಾತ್ರಿ ಅವಳ ತಂದೆ ದ್ವಿಚಕ್ರವಾಹನದಲ್ಲಿ ಬಂದು ಕರೆದೊಯ್ಯಬೇಕಾಯಿತು.

ಇದನ್ನು ಕೇಳಿದವರು, ಹಾಗಾದರೆ ಅಪ್‌ಡೇಟ್ ಮಾಡುವುದೇ ಬೇಡ ಎನ್ನಬಹುದು. ನಾನು ಒಪ್ಪುವುದಿಲ್ಲ. 2021ರ ಜುಲೈಯಲ್ಲಿ ವಿಂಡೋಸ್‌ನ ಮುದ್ರಣ ವ್ಯವಸ್ಥೆಯಲ್ಲೇ ‘ಪ್ರಿಂಟ್‌ನೈಟ್‌ಮೇರ್’ ಎಂಬ ದೊಡ್ಡ ಬಿರುಕು ಕಂಡಿತು. ಪ್ರಿಂಟರ್ ಡ್ರೈವರ್ ಸ್ಥಾಪಿಸುವ ದಾರಿಯಿಂದಲೇ ಪರರು ಒಳನುಗ್ಗಬಹುದಾಗಿತ್ತು. ಆಗ ಪರಿಹಾರವನ್ನು ಒಡನೆ ಹಾಕಿಕೊಳ್ಳುವುದು ತೆಲುಗಿನ ಅರ್ಥದಲ್ಲಿ ಅವಸರವಾಗಿತ್ತು. ಭದ್ರತೆಯ ಕಾರಣವಿದ್ದಾಗ ಹಿಂದೆಮುಂದೆ ನೋಡುತ್ತ ಕೂರಬಾರದು.

ಆದರೆ 2024ರ ಜುಲೈ 19ನ್ನೂ ಮರೆಯುವಂತಿಲ್ಲ. ಡ್ರೈವರುಗಳಂತೆಯೇ ವಿಂಡೋಸ್‌ನ ಒಳಗರ್ಭದಲ್ಲಿ ನೆಲೆಸುವ ಕ್ರೌಡ್‌ಸ್ಟ್ರೈಕ್‌ನ ರಕ್ಷಣಾ ತಂತ್ರಾಂಶಕ್ಕೆ ದೋಷಯುಕ್ತ ಅಪ್‌ಡೇಟ್ ಒಂದು ಜಗತ್ತಿನಾದ್ಯಂತ ಒಮ್ಮೆಲೇ ಹೋಯಿತು. ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ಗಣಕಯಂತ್ರಗಳು ನೆಲಕಚ್ಚಿದವು. ನಮ್ಮ ಹೈದರಾಬಾದಿನ ವಿಮಾನನಿಲ್ದಾಣದಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಿಂದ ಬರೆದುಕೊಟ್ಟರು. ಒಂದಿಷ್ಟು ಯಂತ್ರಗಳಿಗೆ ಮೊದಲು ಕಳುಹಿಸಿ ನೋಡಿದ್ದರೆ ಕೇಡು ಅಲ್ಲಿಗೇ ನಿಲ್ಲುತ್ತಿತ್ತು.

ಗದ್ವಾಲ್ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಕೊಳ್ಳುವಾಗ ಬಲ್ಲ ಹೆಂಗಸರು ಜರಿಗಿಂತ ಮೊದಲು ಎರಡು ನೂಲುಗಳ ಕೂಡುಜಾಗವನ್ನು ಎಳೆದು ನೋಡುತ್ತಾರೆ. ಡ್ರೈವರ್ ಅಂಥ ಕೂಡುಜಾಗ. ಆದ್ದರಿಂದ ನಾನು ಬದಲಾಯಿಸುವ ಮುನ್ನ ಅದರ ಟಿಪ್ಪಣಿ ಓದುತ್ತೇನೆ. ಭದ್ರತೆಯ ದೋಷ, ನಮ್ಮಲ್ಲೇ ಕಾಡುತ್ತಿರುವ ತೊಂದರೆ, ಇಲ್ಲವೇ ಹೊಸ ವಿಂಡೋಸ್, ಇವುಗಳಲ್ಲಿ ಒಂದಾದರೂ ಕಾರಣವಿರಬೇಕು. ಹೊಸ ಆಟಗಳಿಗೆ ವೇಗ ಹೆಚ್ಚಿಸುವ ಗ್ರಾಫಿಕ್ಸ್ ಡ್ರೈವರ್ ಒತ್ತಕ್ಷರ ಮೂಡಿಸುವ ನಮ್ಮ ಯಂತ್ರಕ್ಕೆ ಏನೂ ಮಾಡದು. ಪರದೆ, ಧ್ವನಿ ಮುಂತಾದವುಗಳ ಡ್ರೈವರ್ ಕೆಟ್ಟರೆ, ಹಳೆಯದು ಯಂತ್ರದಲ್ಲಿ ಉಳಿದಿರುವವರೆಗೆ, ಡಿವೈಸ್ ಮ್ಯಾನೇಜರ್‌ನ ‘ರೋಲ್ ಬ್ಯಾಕ್’ ಗುಂಡಿಯಿಂದ ಮರಳಬಹುದು. ಪ್ರಿಂಟರಿನ ಹಳೆಯ ಡ್ರೈವರನ್ನು ಮಾತ್ರ ನಾವೇ ಕಾಪಿಟ್ಟುಕೊಳ್ಳುವುದು ಒಳ್ಳೆಯದು.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇನ್ನು ನಮ್ಮ ವಿಭಾಗವೂ ಹೊಸದಕ್ಕೆ ಹೋಗಲೇಬೇಕು, ಹಳೆಯ ಪ್ರಿಂಟರ್ ಅದರೊಂದಿಗೆ ಮಾತನಾಡುವುದೋ ಇಲ್ಲವೋ ನೋಡಬೇಕು. ಮರಾಠಿಯ ಅವಸರ ನೋಡಿ ಸಂಕ್ರಾಂತಿಯ ರಜೆಯನ್ನು ಆರಿಸಿದ್ದೇನೆ. ಮೊದಲು ಒಂದೇ ಯಂತ್ರ. ಹಳೆಯ ಡ್ರೈವರ್ ಪೆನ್‌ಡ್ರೈವ್‌ನಲ್ಲಿ. ಪರೀಕ್ಷೆಗೆ ‘ಜ್ಯೋತ್ಸ್ನಾ’, ‘ರಾಷ್ಟ್ರ’, ‘ಶಾಸ್ತ್ರ’ಗಳಿರುವ ಒಂದು ಪುಟ, ಹಾಗೂ ನುಡಿಯ ಹಳೆಯ ಕಡತವೊಂದು. ಅಧ್ಯಾಯಗಳನ್ನು ಅಚ್ಚು ತೆಗೆಯಬೇಕಾದವರು ರಜೆಗೆ ಮುನ್ನವೇ, ಬಸ್ಸಿನ ಹೊತ್ತು ನೋಡಿಕೊಂಡು, ಬಂದುಹೋಗಿ.