ಮೂಸಿಯ ನೀರು, ಮನೆಯ ಮದ್ದು

ಹೈದರಾಬಾದಿನಲ್ಲಿ ನೆಲೆಸಿರುವ ನಾವು ಕನ್ನಡಿಗರು ಮೂಸಿ ನದಿಯ ಮಾತು ಬಂದಾಗಲೆಲ್ಲ ವಿಶ್ವೇಶ್ವರಯ್ಯನವರನ್ನು ನೆನೆದು ಹೆಮ್ಮೆಪಡುತ್ತೇವೆ. 1908ರ ಮಹಾಪೂರದ ನಂತರ ಈ ಊರನ್ನು ಪ್ರವಾಹದಿಂದ ಕಾಪಾಡುವ ದಾರಿ ತೋರಿದವರು ಅವರು. ಅಂದಿನ ಭಯ ನದಿ ಉಕ್ಕುವುದು. ಇಂದಿನ ಚಿಂತೆ ಬೇರೆ. ಬೇಸಗೆಯಲ್ಲಿ ಊರು ದಾಟಿದ ಮೂಸಿಯಲ್ಲಿ ಹರಿಯುವುದು ಬಹುಪಾಲು ನಾವೇ ಬಿಟ್ಟ ಕೊಳಚೆ ನೀರು.

ಆ ನೀರು ಕಾಲುವೆಗಳಿಗೆ ತಿರುಗಿ ಭತ್ತ, ಸೊಪ್ಪು, ಎಮ್ಮೆಗಳ ಮೇವನ್ನು ಬೆಳೆಸುತ್ತದೆ. ಮಳೆ ಕೈಕೊಟ್ಟರೂ ಅದು ಕೈಕೊಡದು, ರೈತನನ್ನು ದೂರುವಂತಿಲ್ಲ. ಆದರೆ ಅದರೊಡನೆ ಮದ್ದೂ ಹೊಲ ಸೇರುತ್ತದೆ. ನಾವು ನುಂಗಿದ ಅಮಾಕ್ಸಿಸಿಲಿನ್‌ನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಹಾಗೆಯೇ ಮೂತ್ರದಲ್ಲಿ ಹೊರಬೀಳುತ್ತದೆ. ಸಿಪ್ರೊಫ್ಲಾಕ್ಸಸಿನ್ ಜೇಡಿಮಣ್ಣಿಗೆ ಅಂಟಿಕೊಳ್ಳುತ್ತದೆ. ಸಲ್ಫಮೆಥಾಕ್ಸಜೋಲ್ ಅಷ್ಟಾಗಿ ಅಂಟದೆ, ನೀರಿನೊಡನೆ ಇಂಗಿ ಅಂತರ್ಜಲಕ್ಕೆ ಇಳಿಯಬಲ್ಲದು. ಬಾವಿಯ ನೀರು ತಿಳಿಯಾಗಿದೆಯೆಂದು ನಂಬುವಂತಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ಎಲ್ಲ ಮದ್ದೂ ಹೋಗುವುದಿಲ್ಲ.

ನಗರದ ಮಗ್ಗುಲಿನ ಪಟನ್‌ಚೆರುವಿನ ಕಥೆ ಇನ್ನೂ ಘೋರ. ಅಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯವನ್ನು ಸಂಸ್ಕರಿಸಿದ ಮೇಲೂ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇತ್ತೆಂದು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಔಷಧ ಸೇವಿಸಿದ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ! ಸುತ್ತಲ ಹಳ್ಳಿಗಳ ಬಾವಿಗಳಲ್ಲೂ ಔಷಧಗಳ ಅಂಶ ಸಿಕ್ಕಿತೆಂದು 2009ರ ವರದಿ ತಿಳಿಸಿತು.

ಮನೆಗಳ ಕೊಳಚೆಯಲ್ಲಿ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ, ನಿಜ. ಆದರೆ ಕೊಲ್ಲಲಾರದ ಅಲ್ಪ ಮದ್ದು ರೋಗಾಣುಗಳಿಗೆ ಗರಡಿಮನೆಯಿದ್ದಂತೆ. ಅಲ್ಲಿ ಪಳಗಿದವು ನಾಳೆ ಪೂರ್ಣ ಪ್ರಮಾಣಕ್ಕೂ ಬಗ್ಗುವುದಿಲ್ಲ. ಕಳೆದ ವರ್ಷ ನಮ್ಮ ಮನೆಯ ಅಜ್ಜಿಗೆ ಮೂತ್ರದ ಸೋಂಕಾದಾಗ ಪ್ರಯೋಗಾಲಯದ ಕಾಗದದಲ್ಲಿ ಒಂದೊಂದೇ ಮದ್ದಿನ ಎದುರು ‘ನಾಟುವುದಿಲ್ಲ’ ಎಂಬ ಗುರುತು. ಮಾತ್ರೆಯಿಂದ ಮುಗಿಯಬೇಕಾದದ್ದು ಆಸ್ಪತ್ರೆಯಲ್ಲಿ ಹತ್ತು ದಿನದ ಚುಚ್ಚುಮದ್ದಾಯಿತು. ಅದಕ್ಕೆ ಮೂಸಿಯೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಅಂಥ ಕಾಗದ ಕೈಗೆ ಬಂದ ಮನೆಯವರಿಗೆ ಇದು ಪರರ ಊರಿನ ಸಂಗತಿಯಾಗಿ ಉಳಿಯದು.

ಕೊಳಚೆ ಸಂಸ್ಕರಣ ಘಟಕಗಳನ್ನು ಕಟ್ಟುವಾಗ ಮದ್ದು ತೆಗೆಯುವ ಉದ್ದೇಶ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಮೊದಲ ತಡೆ ಮನೆಯಲ್ಲೇ ಇರಬೇಕು. ನೆಗಡಿಗೆ ಆಂಟಿಬಯೋಟಿಕ್ ಬೇಡ. ಅದು ವೈರಸ್ಸಿಗೆ ನಾಟದು. ಉಳಿದ ಮಾತ್ರೆಗಳನ್ನು ಬಚ್ಚಲಿಗೆ ಸುರಿಯಬೇಡಿ. ಹಾಗೆಯೇ, ನಿಮ್ಮ ವಸತಿ ಸಂಘದ ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮ ಕಟ್ಟಡದ ಕೊಳಚೆ ನೀರು ಕೊನೆಗೆ ಯಾರ ಹೊಲಕ್ಕೆ ಹೋಗುತ್ತಿದೆ?