ಕಡ ತಂದ ಕೋಟು

'ನೀನು ಯಾರು?' ಎಂದು ವೇದಾಂತಿಗಳು ಕೇಳುವುದುಂಟು. ಕಾರ್ಖಾನೆಯ ಕಾವಲುಗಾರರೂ ಕೇಳುವುದುಂಟು. ಮೊದಲನೆಯವರಿಗೆ ಉತ್ತರ ಹೇಳಲು ಜನ್ಮಾಂತರಗಳು ಬೇಕು. ಎರಡನೆಯವರಿಗೆ ಕೊರಳಿನ ಗುರುತಿನ ಚೀಟಿಯೇ ಸಾಕು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತಿನ ಕೆಲಸಕ್ಕೆ ನಾನು ಸೇರಿದುದು 1984ರಲ್ಲಿ. ಚೀಟಿಗೆ ಭಾವಚಿತ್ರ ಬೇಕಾಯಿತು. ಸ್ಟುಡಿಯೋದವನು ನನ್ನ ಅಂಗಿಯನ್ನು ನೋಡಿ, ಗೂಟದ ಮೇಲಿದ್ದ ಕೋಟನ್ನು ತೆಗೆದು ತೊಡಿಸಿದನು. ಹಣೆಯ ವಿಭೂತಿಯನ್ನು ನಾನೇ ಒರಸಿಕೊಂಡೆನು. ಊರಿಗೆ ಹೋದಾಗ ತಾಯಿ ಚೀಟಿಯನ್ನು ಬಹಳ ಹೊತ್ತು ದಿಟ್ಟಿಸಿ, "ಈ ಕೋಟು ಯಾರದಪ್ಪಾ?" ಎಂದಳು. "ನನ್ನದೇ ಅಮ್ಮಾ" ಎಂದೆನು. ಆಕೆ ಅದನ್ನು ನಂಬಿ, ಕೇರಿಗೆಲ್ಲ ಹೇಳಿ, ನಂಬಿಕೊಂಡೇ ತೀರಿಹೋದಳು.

ಮಗಳು ಈಗ ವೈಟ್‌ಫೀಲ್ಡಿನಲ್ಲಿದ್ದಾಳೆ. ಆಂಗ್ಲೋ-ಇಂಡಿಯನ್ನರು ತಮ್ಮದೆಂಬ ನೆಲೆ ಬೇಕೆಂದು 1882ರಲ್ಲಿ ಆರಂಭಿಸಿದ ಊರು ಅದು. ಈಗ ಗಣಕದ ಕಚೇರಿಗಳಿಂದ ತುಂಬಿದೆ. ಅಲ್ಲಿಯೂ ಕೊರಳು ಕೊರಳಿನಲ್ಲಿ ಚೀಟಿ. ಅವಳ ಮನೆಯಲ್ಲಿ ಒಂದು ಕಲಾಪುಸ್ತಕವನ್ನು ಕಂಡೆನು. 1956ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಪುಷ್ಪಮಾಲಾ ಎನ್. ಅವರು ಶಿಲ್ಪವನ್ನು ಕಲಿತವರು; ಅನಂತರ ಛಾಯಾಚಿತ್ರಗಳಲ್ಲಿ ತಾವೇ ವೇಷ ಧರಿಸಿ ನಿಂತವರು. ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ಅವರು ರಚಿಸಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಎಂಬ ಮಾಲೆಯ ಚಿತ್ರಗಳು ಅದರಲ್ಲಿದ್ದುವು. ಒಂದರಲ್ಲಿ ಅವರು ರವಿವರ್ಮನ ಬೆಳುದಿಂಗಳ ಹೆಣ್ಣು. ಇನ್ನೊಂದರಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಅಪರಾಧಿನಿ. ಮತ್ತೊಂದರಲ್ಲಿ, 19ನೆಯ ಶತಮಾನದ ಬಿಳಿಯ ಪಂಡಿತರು ಅಳತೆಗೆಂದು ಚೌಕಳಿಯ ಪರದೆಯ ಮುಂದೆ ನಿಲ್ಲಿಸಿದಂತೆ ನಿಂತ ತೋಡ ಹೆಂಗಸು. ಮುಖ ಒಂದೇ, ಆದರೆ ಪ್ರತಿಯೊಂದರಲ್ಲಿಯೂ ಬೇರೆಯೇ ಹೆಣ್ಣು. ವೇಷವು ವೇಷವೆಂಬುದನ್ನು ಮಾತ್ರ ಅವರು ಮರೆಮಾಡುವುದಿಲ್ಲ.

ಆ ಚೌಕಳಿಯನ್ನು ನೋಡಿದೊಡನೆ ನನ್ನ ಸ್ಟುಡಿಯೋ ನೆನಪಾಯಿತು. ಕೋಟು ಸುಳ್ಳು, ಕೋಟಿಲ್ಲದ ನಾನು ನಿಜ ಎಂದು ಇಷ್ಟು ವರ್ಷ ನಾಚಿಕೊಂಡಿದ್ದೆನು. ಆದರೆ ಆ ಕೋಟಿನ ಒಳಗಿದ್ದ ಅಂಗಿ ಅಣ್ಣನದು, ವಿಭೂತಿಯನ್ನು ಹಚ್ಚಲು ಕಲಿಸಿದ ಕೈ ತಂದೆಯದು, ಹೆಸರು ಅಜ್ಜನದು. ಹಾಗಾದರೆ ನನ್ನದು ಯಾವುದು? ಲೆಕ್ಕ ಹಾಕಿ ನೋಡಿದರೆ, ತಾಯಿಗೆ ಹೇಳಿದ ಆ ಸುಳ್ಳೊಂದನ್ನು ಮಾತ್ರ ನಾನು ಯಾರಿಂದಲೂ ಕಡ ತಂದಿರಲಿಲ್ಲ.

ಹಳೆಯ ಚೀಟಿಯನ್ನು ಪೆಟ್ಟಿಗೆಯಿಂದ ತೆಗೆದು ಮಗಳ ಕೈಗೆ ಕೊಟ್ಟೆನು. "ಕೋಟು ಚೆನ್ನಾಗಿದೆಯಲ್ಲಪ್ಪಾ" ಎಂದಳು.

"ಅದು ನನ್ನದಲ್ಲಮ್ಮ" ಎಂದೆನು.